ಗಾಂಜಾ ಬೆಳೆಗೆ ಪರವಾನಗಿ ಬಂದರೆ: ಸಣ್ಣ ರೈತರ ಪರ ಮನವಿ ಬರೆಯುವ ಬಗೆ

ಮೊದಲೇ ಹೇಳಿಬಿಡಬೇಕು: ಇವತ್ತು ಕಲಬುರಗಿ, ಬೀದರ್, ಯಾದಗಿರಿಯಲ್ಲಿ ತೊಗರಿ ಸಾಲಿನ ನಡುವೆ ಒಂದೇ ಗಾಂಜಾ ಗಿಡ ಬೆಳೆಸಿದರೂ ಅಪರಾಧ. 1985ರ ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಯ ಸೆಕ್ಷನ್ 20ರಡಿ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಆದರೆ ಅದೇ ಕಾಯ್ದೆಯ ಸೆಕ್ಷನ್ 10 ಪರವಾನಗಿ ಕೊಡುವ ಅಧಿಕಾರವನ್ನು ರಾಜ್ಯಕ್ಕೂ, ಸೆಕ್ಷನ್ 14 ನಾರು-ಬೀಜಕ್ಕಾಗಿ ಬೆಳೆಯಲು ಬಿಡುವ ಅಧಿಕಾರವನ್ನು ಸರ್ಕಾರಕ್ಕೂ ಕೊಟ್ಟಿವೆ. ಉತ್ತರಾಖಂಡ ಆ ದಾರಿ ಹಿಡಿದಾಗಿದೆ. ಇಲ್ಲಿ ಕರಡು ನಿಯಮ ಬಂದ ಮೇಲೆ ಓಡಾಡುವುದಕ್ಕಿಂತ, ರೈತ ಉತ್ಪಾದಕ ಸಂಸ್ಥೆಗಳು ಮನವಿಯನ್ನು ಈಗಲೇ ಬರೆದಿಟ್ಟುಕೊಳ್ಳುವುದು ಮೇಲು.

‘ಸಣ್ಣ ರೈತರಿಗೆ ಆದ್ಯತೆ ಕೊಡಿ’ ಎಂಬ ಸಾಲು ಕೆಲಸಕ್ಕೆ ಬರುವುದಿಲ್ಲ. ಸಣ್ಣವರನ್ನು ಹೊರಗಿಡುವುದು ಅರ್ಜಿ ನಮೂನೆ, ಬೇಲಿ ಮತ್ತು ಲ್ಯಾಬ್. ಆ ಮೂರರ ಮೇಲೆ ಬರೆಯಿರಿ.

ಅರ್ಜಿ: ಪಹಣಿ ಕಡ್ಡಾಯ ಎಂದರೆ ಪಾಲಿಗೆ, ಲಾವಣಿಗೆ ಮಾಡುವವರು ಬಾಗಿಲಲ್ಲೇ ಉಳಿದರು. ಮಾಲೀಕರ ಒಪ್ಪಿಗೆ ಪತ್ರ, ಪಂಚಾಯಿತಿ ದೃಢೀಕರಣ ಸಾಕು ಎಂದು ಕೇಳಿ. ಹಿಂದೆ ಗಾಂಜಾ ಬೆಳೆದ ಕೇಸು ಇದ್ದವರ ಮಾತನ್ನೂ ಬಿಡಬೇಡಿ. ಕೆರಿಬಿಯನ್‌ನ ಸೇಂಟ್ ವಿನ್ಸೆಂಟ್ ದೇಶ 2018ರಲ್ಲಿ ಕ್ಷಮಾದಾನದ ಕಾನೂನನ್ನೂ ಸಾಂಪ್ರದಾಯಿಕ ಬೆಳೆಗಾರರ ಪರವಾನಗಿಯನ್ನೂ ಜೊತೆಗೇ ತಂದಿತು. ಮೊರಾಕೊ 2021ರಲ್ಲಿ ಕಾನೂನು ಮಾಡಿತು, ಸಾವಿರಾರು ರೈತರಿಗೆ ಕ್ಷಮೆ ಸಿಕ್ಕಿದ್ದು 2024ರಲ್ಲಿ. ಆ ಮೂರು ವರ್ಷ ಯಾರ ಪಾಲಿಗೆ ಹೋಯಿತು ಎಂದು ಲೆಕ್ಕ ಹಾಕಿ.

ಬೇಲಿ: ಚೌಕಾಕಾರದ ಒಂದು ಎಕರೆಗೆ ಸುತ್ತಳತೆ ಸುಮಾರು 835 ಅಡಿ. ಹತ್ತು ಮಂದಿ ಬೇರೆ ಬೇರೆ ಹಾಕಿದರೆ 8,350 ಅಡಿ. ಒಟ್ಟಿಗೆ ಚೌಕವಾಗಿರುವ ಹತ್ತು ಎಕರೆಗೆ ಒಂದೇ ಬೇಲಿ ಹಾಕಿದರೆ 2,640 ಅಡಿಗೆ ಮುಗಿಯಿತು. ಹಾಗಾಗಿ ಗುಂಪು ಪರವಾನಗಿ, ಒಂದೇ ಬೇಲಿ, ಒಂದೇ ಕಾವಲು ಕೇಳಿ. ಕಂಪನಿ ಕಾಯ್ದೆಯಡಿ ಉತ್ಪಾದಕ ಕಂಪನಿಗೆ 10 ಬೆಳೆಗಾರರು ಸಾಕು. ಆದರೆ ಲ್ಯಾಬ್ ಪರೀಕ್ಷೆಗೆ ಮಾದರಿ ತೆಗೆಯುವುದು ಹೊಲವಾರು ಎಂದು ಬರೆಸಿ. ಇಲ್ಲದಿದ್ದರೆ ಒಬ್ಬರ ಬೆಳೆ ಫೇಲಾದರೆ ಹತ್ತೂ ಎಕರೆ ಸುಡುತ್ತಾರೆ.

ಲ್ಯಾಬ್: ಹೆಚ್ಚು ಪೆಟ್ಟು ಬೀಳುವುದು ಇಲ್ಲೇ. ಉತ್ತರಾಖಂಡದ ಟಿಎಚ್‌ಸಿ (ಗಾಂಜಾದ ಅಮಲಿನ ಅಂಶ) ಮಿತಿ 0.3%. ತಲೆಮಾರಿನಿಂದ ಉಳಿಸಿದ ಬೀಜ ಬಹುಪಾಲು ಈ ಗೆರೆ ದಾಟುತ್ತದೆ. ಅಂದರೆ ‘ಸಾಂಪ್ರದಾಯಿಕ ಬೆಳೆಗಾರ’ ಎಂದು ಒಳಗೆ ಕರೆದು, ಅವರ ಬೀಜವನ್ನು ಹೊರಗೆಸೆದಂತೆ. ನಾರಿಗೊಂದು, ಔಷಧಕ್ಕೊಂದು ದರ್ಜೆ ಬೇಕು. ನಾಟಿ ಬೀಜ ಎರಡನೆಯದಕ್ಕೆ ಹೋಗಲಿ. ಎರಡನ್ನೂ ಹತ್ತಿರ ಬಿತ್ತಲು ಬಿಡಬಾರದು, ಪರಾಗ ಗಾಳಿಯಲ್ಲಿ ಮೈಲುಗಟ್ಟಲೆ ಹೋಗುತ್ತದೆ.

ಲೆಕ್ಕದ ಸೂತ್ರವನ್ನೂ ನಿಯಮದಲ್ಲೇ ಬರೆಸಬೇಕು. ಒಟ್ಟು ಟಿಎಚ್‌ಸಿ ಎಂದರೆ ಟಿಎಚ್‌ಸಿ ಜೊತೆಗೆ 0.877 ಪಟ್ಟು ಟಿಎಚ್‌ಸಿಎ (ಹಸಿ ಗಿಡದಲ್ಲಿದ್ದು, ಕಾಯಿಸಿದಾಗ ಟಿಎಚ್‌ಸಿ ಆಗುವ ಆಮ್ಲ). ವರದಿಯಲ್ಲಿ ಟಿಎಚ್‌ಸಿ 0.1, ಟಿಎಚ್‌ಸಿಎ 0.3 ಇದ್ದರೆ ಟಿಎಚ್‌ಸಿ ಮಾತ್ರ ನೋಡುವವರಲ್ಲಿ ಪಾಸು, ಒಟ್ಟು ಲೆಕ್ಕದಲ್ಲಿ 0.363, ಫೇಲು. ಹೂ ಬಲಿತಷ್ಟೂ ಅಂಕಿ ಏರುವುದರಿಂದ ಮಾದರಿ ತೆಗೆಯುವವರು ತಡವಾಗಿ ಬಂದರೆ ಏಟು ರೈತನಿಗೆ. ಅರ್ಜಿ ಕೊಟ್ಟು ಇಷ್ಟು ದಿನದೊಳಗೆ ಬರಬೇಕು, ತಡವಾಗಿ ಕೆಟ್ಟರೆ ಪರಿಹಾರ ಕೊಡಬೇಕು, ಮಾದರಿಯ ಅರ್ಧ ಭಾಗ ಸೀಲ್ ಆಗಿ ಮರುಪರೀಕ್ಷೆಗೆ ಉಳಿಯಬೇಕು. ಈ ಮೂರೂ ಬೇರೆ ಬೇರೆ ವಾಕ್ಯಗಳಾಗಿರಲಿ, ಒಂದನ್ನು ತಿರಸ್ಕರಿಸಿದರೂ ಉಳಿದೆರಡು ನಿಲ್ಲುತ್ತವೆ.