ಮೇಷ್ಟ್ರು ಬೋರ್ಡಿನ ಮೇಲೆ ‘ಉಲ್ಬಣ’ ಎಂದು ಬರೆದರು

‘ಸ್ವಂತ ವಾಕ್ಯದಲ್ಲಿ ಬಳಸಿರಿ’ ಎಂಬ ಪ್ರಶ್ನೆಗೆ ನನ್ನ ಕ್ಲಾಸಿನ ಹುಡುಗನೊಬ್ಬ ಬರೆದ ಉತ್ತರ: ‘ಮೇಷ್ಟ್ರು ಬೋರ್ಡಿನ ಮೇಲೆ ಉಲ್ಬಣ ಎಂದು ಬರೆದರು.’ ವ್ಯಾಕರಣ ಸರಿ, ಕಾಗುಣಿತ ಸರಿ. ತಪ್ಪು ಹಾಕೋಕೆ ಜಾಗವೇ ಇಲ್ಲ! ಪಕ್ಕದ ಬೆಂಚಿನ ಹುಡುಗಿ ಪಾಪ ನಿಜವಾಗಿಯೇ ಪ್ರಯತ್ನಪಟ್ಟಿದ್ದಳು: ‘ಕೆಆರ್‌ಎಸ್‌ನಲ್ಲಿ ನೀರು 124.80 ಅಡಿ ಮುಟ್ಟಿದಾಗ ನಮ್ಮೂರಿನ ಸಂತೋಷ ಉಲ್ಬಣವಾಯಿತು.’ ಮಂಡ್ಯದ ಮಗುವಿಗೆ ಕಟ್ಟೆ ತುಂಬುವುದಕ್ಕಿಂತ ದೊಡ್ಡ ಸಂತೋಷ ಯಾವುದಿದೆ ಹೇಳಿ. ಆದರೆ ಉಲ್ಬಣವಾಗುವುದು ಜ್ವರ, ಜಗಳ, ಸಮಸ್ಯೆ. ಸಂತೋಷ ಉಲ್ಬಣಿಸುವುದಿಲ್ಲ.

ಅವಳು ಮಾಡಿದ್ದು ಇಷ್ಟೇ. ಗೈಡಿನಲ್ಲಿ ‘ಉಲ್ಬಣ = ಹೆಚ್ಚಾಗುವುದು’ ಅಂತಿತ್ತು. ‘ಹೆಚ್ಚಾಯಿತು’ ಇರಬೇಕಾದ ಜಾಗದಲ್ಲಿ ಅದನ್ನು ಕೂರಿಸಿದ್ದಳು. ಬೈಯೋಕೆ ನನಗೆ ಬಾಯಿ ಬರಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಇದನ್ನೇ ಮಾಡಿದ್ದೆ. ಹೆಡ್‌ಮಾಸ್ಟರರ ಬೀಳ್ಕೊಡುಗೆಯಲ್ಲಿ ಮೈಕ್ ಹಿಡಿದು, ‘ಶಾಲೆಯ ಹೊಸ ಕಟ್ಟಡದಲ್ಲಿ ಸಾಹೇಬರ ಕೈಚಳಕ ಕಾಣುತ್ತದೆ’ ಅಂದುಬಿಟ್ಟೆ. ಕೈಚಳಕ ಅಂದರೆ ಕೈಯ ನೈಪುಣ್ಯ, ಅರ್ಥದಲ್ಲಿ ತಪ್ಪಿಲ್ಲ. ಆದರೆ ದಿನಾ ಪೇಪರ್ ಓದುವವರಿಗೆ ಕೈಚಳಕ ತೋರಿಸುವವರು ಜಾದೂಗಾರರು, ಇಲ್ಲಾ ಕಳ್ಳರು. ಅದೂ ಕಟ್ಟಡದ ವಿಷಯದಲ್ಲಿ! ಹಿಂದಿನ ಸಾಲು ಗೊಳ್ಳೆಂದಿತು.

ಆಮೇಲೆ ಒಂದು ರೂಢಿ ಮಾಡಿಕೊಂಡೆ. ಹೊಸ ಪದ ಸಿಕ್ಕರೆ ಅರ್ಥ ನೋಡಿ ತಕ್ಷಣ ವಾಕ್ಯ ಬರೆಯುವುದಿಲ್ಲ. ಬೇರೆಯವರು ಬಳಸಿದ ಮೂರು ವಾಕ್ಯ ಸಿಗುವವರೆಗೆ ಕಾಯುತ್ತೇನೆ. ಪದದ ಎಡಕ್ಕೆ ಯಾರು ಕೂತಿದ್ದಾರೆ, ಬಲಕ್ಕೆ ಯಾರು ಅಂತ ನೋಡುತ್ತೇನೆ. ಬಲಗಡೆಯ ಕ್ರಿಯಾಪದವೇ ಜಾಸ್ತಿ ಕೈಕೊಡುವುದು. ನಿಟ್ಟುಸಿರು ಬಿಡುತ್ತೇವೆ, ಲಗ್ಗೆ ಇಡುತ್ತೇವೆ, ಹೊಣೆ ಹೊರುತ್ತೇವೆ. ಎಲ್ಲದಕ್ಕೂ ಸುಮ್ನೆ ‘ಮಾಡು’ ಅಂಟಿಸಿದರೆ ಆಗಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟಿನಲ್ಲಿ ಅರ್ಥದ ಜೊತೆ ಕವಿಗಳ ಪ್ರಯೋಗವನ್ನೂ ಕೊಟ್ಟಿದ್ದಾರೆ. ಅದು ಬಂಗಾರ. ಆದರೆ ಎಂಟನೇ ಕ್ಲಾಸಿನ ಮಕ್ಕಳಿಗೆ ಪಂಪನ ಪ್ರಯೋಗ ಸಾಲದು, ಇವತ್ತಿನ ಪೇಪರೂ ಬೇಕು.

ವಾಕ್ಯ ಬರೆದಾದ ಮೇಲೆ ಡಸ್ಟರ್ ಪರೀಕ್ಷೆ. ಬೋರ್ಡಿನಲ್ಲಿ ಆ ಪದವನ್ನಷ್ಟೇ ಡಸ್ಟರಿನಿಂದ ಮುಚ್ಚುತ್ತೇನೆ. ಉಳಿದದ್ದನ್ನು ಓದಿ ಕ್ಲಾಸು ಅದರ ಅರ್ಥ ಊಹಿಸಬೇಕು. ‘ಮೇಷ್ಟ್ರು ಬೋರ್ಡಿನ ಮೇಲೆ’ ವಾಕ್ಯ ಬೀಳುವುದು ಇಲ್ಲೇ. ಡಸ್ಟರ್ ಕೆಳಗೆ ಬದನೆಕಾಯಿ ಇದ್ದರೂ ನಡೆಯುತ್ತದೆ.

ಮೊನ್ನೆ ‘ತಗಾದೆ’ ಕೊಟ್ಟಿದ್ದೆ. ಆ ಉಲ್ಬಣದ ಹುಡುಗಿ ಬರೆದಳು: ‘ಆಲೆಮನೆಯವರು ಮೂರು ತಿಂಗಳಾದರೂ ಕಬ್ಬಿನ ದುಡ್ಡು ಕೊಡಲಿಲ್ಲ. ಅಪ್ಪ ಸುಮ್ಮನಿದ್ದರು, ಅಜ್ಜಿ ಹೋಗಿ ತಗಾದೆ ತೆಗೆದರು.’ ಡಸ್ಟರ್ ಹಿಡಿದೆ. ಅರ್ಧ ಕ್ಲಾಸು ‘ಜಗಳ’ ಅಂದಿತು. ತೆಗೆಯುವುದು ಅದನ್ನೇ ಅಲ್ವಾ! ಇನ್ನರ್ಧ ‘ಬಾಕಿ ಕೇಳೋದು’ ಅಂದಿತು. ತಗಾದೆಗೆ ಎರಡೂ ಅರ್ಥ ಇದೆ.

ದುಡ್ಡು ಬಂತೇನಮ್ಮಾ ಅಂತ ಕೇಳಿದೆ.

‘ಅಜ್ಜಿ ಹೋದ್ಮೇಲೆ ಕೊಡ್ದೆ ಇರ್ತಾರಾ ಸಾ’ ಅಂದಳು.