ಲೆವೆಲ್ ಶಿಫ್ಟರ್‌ನಿಂದ ರಿಲೇಗೆ ಸಿಗುವ ಕರೆಂಟೆಷ್ಟು?

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಅಡಿಕೆ ತೋಟಗಳಲ್ಲಿ ಸುರಂಗದ (ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆದ ಬಿಲದ) ನೀರು ಹರಿದುಬಂದು ಟಾಂಕಿ ತುಂಬಿದ ಮೇಲಷ್ಟೇ ಪಂಪು ಓಡಬೇಕು, ನೀರು ತಳ ಕಂಡರೆ ತಾನಾಗಿ ನಿಲ್ಲಬೇಕು. ಇದಕ್ಕೆಂದು ನಾನು ಕಟ್ಟಿದ ನಿಯಂತ್ರಕದಲ್ಲಿ 3.3 ವೋಲ್ಟಿನ ಇಎಸ್‌ಪಿ32 ಮೈಕ್ರೋಕಂಟ್ರೋಲರ್ ಇದೆ. ಎಲ್‌ಸಿಡಿ ಫಲಕವೂ ಪಂಪಿನ ಸ್ಟಾರ್ಟರನ್ನು ನಡೆಸುವ ರಿಲೇ (ಕರೆಂಟಿನಿಂದ ಒತ್ತಿಕೊಳ್ಳುವ ಸ್ವಿಚ್ಚು) ಬೋರ್ಡೂ 5 ವೋಲ್ಟಿನವು. ನಡುವೆ ಒಂದು ವೋಲ್ಟೇಜಿನ ಸಂಕೇತವನ್ನು ಇನ್ನೊಂದಕ್ಕೆ ಬದಲಿಸುವ ಲೆವೆಲ್ ಶಿಫ್ಟರ್ ಬೇಕೆಂಬುದರಲ್ಲಿ ತಕರಾರಿಲ್ಲ. ಆದರೆ ಅದರ ಮೂಲಕ ಎಷ್ಟು ಕರೆಂಟು, ಯಾವ ದಿಕ್ಕಿನಲ್ಲಿ ಹರಿಯುತ್ತದೆಂದು ಲೆಕ್ಕ ಹಾಕದೆ ಬಿಡಿಭಾಗ ಆರಿಸುವುದು ನನಗೆ ಒಪ್ಪಿಗೆಯಲ್ಲ.

ಎಲ್‌ಸಿಡಿಯ ಬೆನ್ನಿಗಿರುವ ಪಿಸಿಎಫ್8574 ಚಿಪ್ಪು 5 ವೋಲ್ಟಿನಲ್ಲಿ 3.5 ವೋಲ್ಟಿಗಿಂತ ಮೇಲಿನದನ್ನಷ್ಟೇ ಖಚಿತವಾಗಿ ‘ಹೈ’ ಎಂದು ಓದುತ್ತದೆ. ಇಲ್ಲಿಗೆ ಬಿಎಸ್‌ಎಸ್138 ಮಾಸ್‌ಫೆಟ್ ಟ್ರಾನ್ಸಿಸ್ಟರ್ ಇರುವ ಅಗ್ಗದ ಶಿಫ್ಟರ್ ಸಾಕಾಯಿತು. ಅದರ ಎರಡೂ ಬದಿಗೆ 10 ಕಿಲೋ ಓಮ್ ಪುಲ್‌ಅಪ್‌ಗಳಿವೆ (ಗೆರೆಯನ್ನು ಸಪ್ಲೈ ವೋಲ್ಟೇಜಿನತ್ತ ಎಳೆದು ಹಿಡಿಯುವ ರೆಸಿಸ್ಟರುಗಳು), ನನ್ನ ಎಲ್‌ಸಿಡಿ ಬೋರ್ಡಿನಲ್ಲಿ ಮತ್ತೆ 4.7 ಕಿಲೋ ಓಮ್ ಇತ್ತು. ಸಂಕೇತದ ಗೆರೆ ‘ಲೋ’ ಆದಾಗ 5 ವೋಲ್ಟ್ ಬದಿಯಿಂದ ಸುಮಾರು 1.56, 3.3 ವೋಲ್ಟ್ ಬದಿಯಿಂದ 0.33, ಒಟ್ಟು 1.9 ಮಿಲಿಆಂಪಿಯರ್ ಕರೆಂಟನ್ನು ನೆಲಕ್ಕೆಳೆಯುವ ಹೊಣೆ ಆ ಹೊತ್ತಿಗೆ ಗೆರೆಯನ್ನು ತಗ್ಗಿಸಿದ ಚಿಪ್ಪಿನದು. ಎಲ್‌ಸಿಡಿಯ ಜೊತೆ ಮಾತಾಡುವ ಐ2ಸಿ ಎಂಬ ಎರಡು ಗೆರೆಗಳ ಸಂಪರ್ಕದ ನಿಯಮದ 3 ಮಿಲಿಆಂಪಿಯರ್ ಮಿತಿಯೊಳಗೆ ಇದು ನಿಲ್ಲುತ್ತದೆ.

ರಿಲೇಯ ಲೆಕ್ಕ ಬೇರೆಯೇ. ನನ್ನ ಬೋರ್ಡಿನ ರಿಲೇ ಕಾಯಿಲಿಗೆ (ತಂತಿ ಸುರುಳಿಗೆ) 70 ಓಮ್, ಎಂದರೆ ಸುಮಾರು 71 ಮಿಲಿಆಂಪಿಯರ್ ಬೇಕು. ಅದನ್ನು ನಡೆಸುವ ಟ್ರಾನ್ಸಿಸ್ಟರಿನ ಬೇಸ್ ಎಂಬ ನಿಯಂತ್ರಣದ ಕಾಲಿಗೆ 1 ಕಿಲೋ ಓಮ್ ರೆಸಿಸ್ಟರ್ ಇದೆ. ಅದೇ ಬಿಎಸ್‌ಎಸ್138 ಶಿಫ್ಟರನ್ನು ಇಲ್ಲಿಗೂ ಹಾಕಿದರೆ ‘ಹೈ’ ಕರೆಂಟು ಬರುವುದು ಪುಲ್‌ಅಪ್ ಮೂಲಕ ಮಾತ್ರ. 5ರಲ್ಲಿ ಟ್ರಾನ್ಸಿಸ್ಟರಿನ 0.7 ಕಳೆದು ಉಳಿದ 4.3 ವೋಲ್ಟನ್ನು 10 ಮತ್ತು 1 ಸೇರಿದ 11 ಕಿಲೋ ಓಮ್‌ನಿಂದ ಭಾಗಿಸಿದರೆ ಬೇಸ್‌ಗೆ ಸಿಗುವುದು 0.39 ಮಿಲಿಆಂಪಿಯರ್, ಗೇನ್ (ಬೇಸ್ ಕರೆಂಟನ್ನು ಟ್ರಾನ್ಸಿಸ್ಟರ್ ಎಷ್ಟು ಪಟ್ಟು ಹೆಚ್ಚಿಸುತ್ತದೆಂಬುದು) ನೂರೆಂದು ಹಿಡಿದರೂ ಕಾಯಿಲಿಗೆ 39ಕ್ಕಿಂತ ಹೆಚ್ಚು ಬಾರದು. ಇದಲ್ಲದೆ, ಇಎಸ್‌ಪಿ32 ಚಾಲೂ ಆಗುವ ಹೊತ್ತಿನಲ್ಲಿ ಪಿನ್ನು ತೇಲುತ್ತಿದ್ದರೆ ಈ ಪುಲ್‌ಅಪ್‌ಗಳೇ ಗೆರೆಯನ್ನು ಮೇಲಕ್ಕೆ ಹಿಡಿಯುತ್ತವೆ. ಮಳೆಗಾಲದಲ್ಲಿ ಗಳಿಗೆಗೊಮ್ಮೆ ಕರೆಂಟು ಹೋಗಿ ಬರುವ ನಮ್ಮೂರಿನಲ್ಲಿ ಹೇಳದೆ ಕೇಳದೆ ಪಂಪಿನ ಕಡೆಗೆ ಸಂಕೇತ ಹೋಗುವುದನ್ನು ಯಾರೂ ಬಯಸುವುದಿಲ್ಲ.

ದಿಕ್ಕನ್ನು ತಾನೇ ಗುರುತಿಸುವ ಟಿಎಕ್ಸ್‌ಬಿ0108 ಸಹ ಇಲ್ಲಿ ಒದಗದು. ಸ್ಥಿರ ಸ್ಥಿತಿಯಲ್ಲಿ ಅದರ ಹೊರಪಿನ್ನಿನ ಹಿಂದೆ ಸುಮಾರು 4 ಕಿಲೋ ಓಮ್ ಇರುತ್ತದೆ, ಆದ್ದರಿಂದ ಬೇಸ್‌ಗೆ ಒಂದು ಮಿಲಿಆಂಪಿಯರ್ ಕೂಡ ಸಿಗದು, ಟ್ರಾನ್ಸಿಸ್ಟರ್ ಪೂರ್ತಿ ಆನ್ ಆಗಲು ಅದು ಸಾಲದು.

ಹೀಗಾಗಿ ರಿಲೇಗೆ 74ಎಚ್‌ಸಿಟಿ125 ಬಫರನ್ನು ಆರಿಸಿದೆ. 5 ವೋಲ್ಟಿನಲ್ಲಿ ಓಡಿದರೂ 2 ವೋಲ್ಟನ್ನೇ ‘ಹೈ’ ಎಂದು ಒಪ್ಪುವ ಇದರ ಹೊರಪಿನ್ನು 6 ಮಿಲಿಆಂಪಿಯರ್ ಕೊಡಬಲ್ಲದು. 1 ಕಿಲೋ ಓಮ್ ಮೂಲಕ ಬೇಸ್‌ಗೆ ಹರಿಯುವುದು ನಾಲ್ಕರ ಆಸುಪಾಸು. ಹೆಸರಿನಲ್ಲಿ ‘ಟಿ’ ಇಲ್ಲದ 74ಎಚ್‌ಸಿ125 ತಂದರೆ ಆಗದು, ಅದಕ್ಕೆ 3.5 ವೋಲ್ಟ್ ಬೇಕು. ಒಳಪಿನ್ನಿನಿಂದ ನೆಲಕ್ಕೆ 10 ಕಿಲೋ ಓಮ್ ಹಾಕಿ, ಚಾಲೂ ಆಗುವಾಗಲೂ ರಿಲೇ ಸುಮ್ಮನಿರುವಂತೆ ಮಾಡಿದೆ. ಬಳಸದ ಒಳಪಿನ್ನುಗಳನ್ನು ನೆಲಕ್ಕೆ ಕಟ್ಟಿದೆ.

ಪೆಟ್ಟಿಗೆ ಮುಚ್ಚುವ ಮೊದಲು ರಿಲೇ ಒತ್ತಿ ನಿಂತಿರುವಾಗ ಟ್ರಾನ್ಸಿಸ್ಟರಿನ ಕಲೆಕ್ಟರ್ ಮತ್ತು ಎಮಿಟರ್ ಎಂಬ ಉಳಿದೆರಡು ಕಾಲುಗಳ ನಡುವೆ ಮೀಟರು ಹಿಡಿಯುತ್ತೇನೆ. ಅರ್ಧ ವೋಲ್ಟಿಗಿಂತ ಚೆನ್ನಾಗಿ ಕೆಳಗಿದ್ದರೆ ಬೇಸ್‌ಗೆ ಕರೆಂಟು ಸಾಕಷ್ಟಿದೆ. ಒಂದು ವೋಲ್ಟ್ ದಾಟಿದ್ದರೆ, ರಿಲೇ ಟಿಕ್ ಎಂದಿದ್ದರೂ, ಆ ಬೋರ್ಡನ್ನು ತೋಟಕ್ಕೆ ಒಯ್ಯುವುದಿಲ್ಲ.