ವಿಮಾನದಲ್ಲಿ ಕುಡಿಯುವ ನೀರು: ಪ್ರಯಾಣಿಕರಿಗೆ ಒಂದು ಸಲಹೆ

ವಿಮಾನದ ಶೌಚಾಲಯದ ನಲ್ಲಿ ನೀರನ್ನು ದಯವಿಟ್ಟು ಕುಡಿಯಬೇಡಿ. ಹಲ್ಲುಜ್ಜಲು, ಮಾತ್ರೆ ನುಂಗಲು, ಮಗುವಿನ ಹಾಲಿನ ಪುಡಿ ಕಲಸಲು ಸಹ ಸೀಲ್ ಒಡೆಯದ ಬಾಟಲಿಯ ನೀರನ್ನೇ ಕೇಳಿ ಪಡೆಯಿರಿ. ನಿಲ್ದಾಣದ ನೀರು ಎಷ್ಟೇ ಶುದ್ಧವಾಗಿದ್ದರೂ, ಅದು ಟ್ಯಾಂಕರ್ ಮತ್ತು ಪೈಪುಗಳ ಮೂಲಕ ಹಾದು ವಿಮಾನದ ಟ್ಯಾಂಕನ್ನು ಸೇರಬೇಕಾಗಿರುವುದರಿಂದ, ದಾರಿಯಲ್ಲಿ ಎಲ್ಲಿ ಬೇಕಾದರೂ ಕಲುಷಿತಗೊಳ್ಳಬಹುದು. ತುಂಬಿಸುವ ಪೈಪಿನ ತುದಿ ನೆಲಕ್ಕೆ ತಗುಲಿದರೂ ಸಾಕು. ವಿಮಾನ ಬಹುಕಾಲ ನಿಂತಿದ್ದರೆ ನೀರಿನಲ್ಲಿರುವ ಕ್ಲೋರಿನ್ ಕಡಿಮೆಯಾಗಿ, ಕೊಳವೆಗಳ ಒಳಭಾಗದಲ್ಲಿ ಬ್ಯಾಕ್ಟೀರಿಯಾಗಳ ಲೋಳೆಪದರ ಬೆಳೆಯುವ ಸಾಧ್ಯತೆ ಹೆಚ್ಚುತ್ತದೆ.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು 2009ರಲ್ಲಿ ಹೊರಡಿಸಿದ ನಿಯಮದ ಪ್ರಕಾರ, ವರ್ಷಕ್ಕೆ 4 ಬಾರಿ ಟ್ಯಾಂಕು, ಕೊಳವೆಗಳನ್ನು ಸೋಂಕುರಹಿತಗೊಳಿಸುವ ವಿಮಾನಕ್ಕೆ ವರ್ಷಕ್ಕೊಮ್ಮೆ ನೀರಿನ ಪರೀಕ್ಷೆ ಸಾಕು; ಒಮ್ಮೆ ಮಾತ್ರ ಸೋಂಕುರಹಿತಗೊಳಿಸಿದರೆ ಪ್ರತಿ ತಿಂಗಳೂ ಪರೀಕ್ಷಿಸಬೇಕು. ಇದು ಒಳ್ಳೆಯ ವ್ಯವಸ್ಥೆಯೇ, ಆದರೆ ಎರಡು ಪರೀಕ್ಷೆಗಳ ನಡುವಿನ ದಿನಗಳಲ್ಲಿ ಎಚ್ಚರ ನಮ್ಮದೇ ಆಗಿರಬೇಕು.

ಚಹಾ, ಕಾಫಿಗೆ ಸಾಮಾನ್ಯವಾಗಿ ಅದೇ ಟ್ಯಾಂಕಿನ ನೀರನ್ನು ಬಳಸುತ್ತಾರೆ. ಚೆನ್ನಾಗಿ ಕಾಯಿಸಿದಾಗ ಹೆಚ್ಚಿನ ರೋಗಾಣುಗಳು ಸಾಯುವುದರಿಂದ ಆರೋಗ್ಯವಂತರಿಗೆ ಅಪಾಯ ಕಡಿಮೆ; ಆದರೂ ಗರ್ಭಿಣಿಯರು ಹಾಗೂ ರೋಗನಿರೋಧಕ ಶಕ್ತಿ ಕುಂದಿದವರು ಅವನ್ನು ಬಿಡುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. ಕೈಗಳನ್ನು ಮಾತ್ರ ಸೋಪು ಹಚ್ಚಿ ಅದೇ ನಲ್ಲಿಯಲ್ಲಿ ತೊಳೆದುಕೊಳ್ಳಿ, ಒಣಗಿದ ಮೇಲೆ ಸ್ಯಾನಿಟೈಸರ್ ಹಚ್ಚಿಕೊಳ್ಳಿ.